ನಿಲ್ಲಿಸದೆ ಮಾಡುವ ದುರಸ್ತಿ

ಸಹಕಾರಿ ಸಂಘದ ಮೆಟ್ಟಲು ಹತ್ತದ ಮನೆಯವರು ನಮ್ಮ ಕಡೆ ಇಲ್ಲವೆಂದೇ ಹೇಳಬೇಕು. ಅಡಿಕೆ ಮಾರಿ ಬಂದ ಹಣ, ಬೀಡಿ ಕಟ್ಟಿ ಕೂಡಿಟ್ಟ ಹಣ, ಗಲ್ಫಿನಿಂದ ಮಗ ಕಳುಹಿಸಿದ ಹಣ, ಅಜ್ಜಿಗೆ ಬರುವ ಪಿಂಚಣಿ, ತೋಟಕ್ಕೆಂದು ತೆಗೆದ ಸಾಲ, ಇವೆಲ್ಲದರ ಲೆಕ್ಕವೂ ಅಲ್ಲಿದೆ. ಹಿಂದೆ ಈ ಲೆಕ್ಕವು ಎರಡು ಕೈಗಳಿಂದ ಎತ್ತಬೇಕಾದ ದಪ್ಪ ಲೆಡ್ಜರುಗಳಲ್ಲಿತ್ತು. ಬ್ಯಾಂಕುಗಳಲ್ಲಿ ಯಂತ್ರಗಳನ್ನು ಬಳಸುವ ಬಗ್ಗೆ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು ರಿಸರ್ವ್ ಬ್ಯಾಂಕಿಗೆ ವರದಿ ಕೊಟ್ಟುದು 1984ರಲ್ಲಿ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದುದೂ ಅದೇ ವರ್ಷದಲ್ಲಿ. ಜಿಲ್ಲೆ ಬೆಳೆದಂತೆ ಲೆಡ್ಜರುಗಳು ಒಂದೊಂದಾಗಿ ಅಟ್ಟ ಸೇರಿದವು, ಕಂಪ್ಯೂಟರುಗಳು ಮೇಜು ಏರಿದವು.

ಕೌಂಟರಿನಲ್ಲಿ ಕುಳಿತವರ ಇದಿರಿನ ಕಂಪ್ಯೂಟರನ್ನು ಎಲ್ಲರೂ ಕಂಡಿದ್ದಾರೆ. ಆದರೆ ಲೆಕ್ಕವಿರುವುದು ಅದರಲ್ಲಲ್ಲ. ಒಳಗಿನ ಸಣ್ಣ ಕೋಣೆಯಲ್ಲಿ ಹಗಲಿರುಳು ಗುಂಯ್‌ಗುಟ್ಟುತ್ತಾ ಇರುವ ಇನ್ನೊಂದು ಯಂತ್ರವಿದೆ. ಅದರ ಹೆಸರು ಸರ್ವರ್, ಅಂದರೆ ಸೇವೆ ಮಾಡುವುದು. ಕೌಂಟರಿನ ಕಂಪ್ಯೂಟರುಗಳು ಕೇಳಿದುದನ್ನು ತೆಗೆದು ಕೊಡುವುದು, ಹೇಳಿದುದನ್ನು ಬರೆದಿಡುವುದು ಇದರ ಕೆಲಸ. ಸಹಕಾರಿ ಸಂಘದಲ್ಲಿ ಮಾತ್ರವಲ್ಲ, ಆಸ್ಪತ್ರೆಯಲ್ಲಿ, ಅಡಿಕೆ ವ್ಯಾಪಾರದ ಮಳಿಗೆಯಲ್ಲಿ, ದೊಡ್ಡ ಜವಳಿ ಅಂಗಡಿಯಲ್ಲಿಯೂ ಇಂತಹ ಸೇವಕರಿದ್ದಾರೆ.

ನಾವಿಬ್ಬರು ಈ ಶಾಲೆಯ ಹಳೆ ವಿದ್ಯಾರ್ಥಿಗಳು. ಹತ್ತನೆಯ ತರಗತಿಯ ವರೆಗೆ ಇಲ್ಲಿಯೇ ಕನ್ನಡದಲ್ಲಿ ಕಲಿತು, ಬಳಿಕ ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಈಗ ಸರ್ವರ್‌ಗಳನ್ನು ಕೂರಿಸುವ, ನೋಡಿಕೊಳ್ಳುವ, ಕೆಟ್ಟರೆ ಸರಿಪಡಿಸುವ ಕೆಲಸ ಮಾಡುತ್ತಿದ್ದೇವೆ. ಮಂಜೇಶ್ವರದಿಂದ ಹೊಸದುರ್ಗದ ವರೆಗೆ ನಮ್ಮ ಓಡಾಟ. ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಗುರುಗಳು ಕೇಳಿದಾಗ, ನಮಗೆ ತಿಳಿದ ವಿಷಯ ಇದೊಂದೇ ಆದುದರಿಂದ, ಇದನ್ನೇ ಬರೆಯುತ್ತಿದ್ದೇವೆ.

ಒಳ್ಳೆಯ ಸರ್ವರ್ ಯಾವುದು ಎಂದು ಸಂಘಗಳ ಕಾರ್ಯದರ್ಶಿಗಳು ನಮ್ಮನ್ನು ಕೇಳುವುದುಂಟು. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಹಾಳಾಗದ್ದು ಒಂದು ಕೊಡಿ." ಹಾಳಾಗದ ಯಂತ್ರವನ್ನು ನಾವು ಈ ತನಕ ಕಂಡಿಲ್ಲ. ಹುಟ್ಟಿದ ಪ್ರತಿಯೊಂದು ಭಾಗವೂ ಒಂದು ದಿನ ಕೆಡುವುದೇ. ಕೆಡುವುದೆಂಬುದನ್ನು ಮೊದಲೇ ಒಪ್ಪಿಕೊಂಡು, ಕೆಟ್ಟ ಭಾಗವನ್ನು ಕೆಲಸ ನಿಲ್ಲಿಸದೆ ಬದಲಾಯಿಸುವಂತೆ ಕಟ್ಟಿದ ಯಂತ್ರವೇ ಒಳ್ಳೆಯ ಯಂತ್ರ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಒಂದು ಲೆಕ್ಕ ಮಾಡೋಣ. ವರ್ಷಕ್ಕೆ 365 ದಿನ, ದಿನಕ್ಕೆ 24 ಗಂಟೆ. ಗುಣಿಸಿದರೆ 8,760 ಗಂಟೆ. ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ತೆಗೆದ ವಿದ್ಯಾರ್ಥಿಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ನೂರರಲ್ಲಿ 99 ಪಾಲು ಹೊತ್ತು ಮಾತ್ರ ದುಡಿಯುವ ಸರ್ವರ್ ವರ್ಷಕ್ಕೆ 87 ಗಂಟೆ 36 ನಿಮಿಷ ಮಲಗಿರುತ್ತದೆ. ಅಂದರೆ ಮೂರೂವರೆ ದಿನಗಳಿಗಿಂತಲೂ ಹೆಚ್ಚು. 99.9 ಪಾಲು ದುಡಿದರೂ ಸುಮಾರು 8 ಗಂಟೆ 45 ನಿಮಿಷ ಖೋತಾ. ಅದು ಓಣಂ ಹಬ್ಬದ ಮುನ್ನಾ ದಿನವೇ ಬಂದರೆ ಸಂಘದ ಮುಂದೆ ನಿಲ್ಲುವ ಸಾಲನ್ನು ನೀವೇ ಊಹಿಸಿಕೊಳ್ಳಿರಿ.

ಇನ್ನು ಎರಡು ಯಂತ್ರಗಳಿವೆ ಎಂದಿಟ್ಟುಕೊಳ್ಳೋಣ. ಒಂದು ವರ್ಷಕ್ಕೆ ಒಂದೇ ಸಲ ಕೆಡುತ್ತದೆ. ಆದರೆ ಭಾಗವನ್ನು ದೂರದಿಂದ ತರಿಸಿ, ಎಲ್ಲವನ್ನೂ ಬಿಚ್ಚಿ ಸರಿಪಡಿಸಲು ನಾಲ್ಕು ದಿನ ಬೇಕು. ಇನ್ನೊಂದು ವರ್ಷಕ್ಕೆ ಆರು ಸಲ ಕೆಡುತ್ತದೆ, ಆದರೆ ಪ್ರತಿ ಸಲವೂ ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ. ಮೊದಲನೆಯದು ನಿಂತದ್ದು 96 ಗಂಟೆ, ಎರಡನೆಯದು ನಿಂತದ್ದು 3 ಗಂಟೆ. ಜನರಿಗೆ ಯಾವುದು ಒಳ್ಳೆಯದು? ಕೆಡುವುದು ಎಷ್ಟು ಅಪರೂಪ ಎಂಬುದರಷ್ಟೇ, ಸರಿಯಾಗುವುದು ಎಷ್ಟು ಬೇಗ ಎಂಬುದೂ ಮುಖ್ಯ.

ಸರ್ವರಿನ ವೇಗ ಎಲ್ಲಿಂದ ಬರುತ್ತದೆ ಎಂಬುದನ್ನು ಈಗ ನೋಡೋಣ. ಅದರ ಮೆದುಳು ಪ್ರೊಸೆಸರ್. ಒಂದು ಪ್ರೊಸೆಸರಿನೊಳಗೆ ಹಲವು 'ಕೋರ್‌'ಗಳಿವೆ. ಒಂದು ಕೌಂಟರಿನ ಬದಲು ಹತ್ತು ಕೌಂಟರು ತೆರೆದಂತೆ, ಹಲವರ ಕೆಲಸ ಒಮ್ಮೆಲೇ ನಡೆಯುತ್ತದೆ. ಆದರೆ ಕೌಂಟರು ಎಷ್ಟಿದ್ದರೇನು, ಒಳಗಿನಿಂದ ಕಾಗದಪತ್ರ ತಂದುಕೊಡುವ ದಾರಿ ಒಂದೇ ಇದ್ದರೆ ಎಲ್ಲರೂ ಕಾಯಬೇಕಷ್ಟೆ. ಮನೆಯಲ್ಲಿ ಬಳಸುವ ಸಾಮಾನ್ಯ ಕಂಪ್ಯೂಟರಿನಲ್ಲಿ ಪ್ರೊಸೆಸರಿನಿಂದ ಸ್ಮರಣೆಗೆ, ಅಂದರೆ ರ‍್ಯಾಮ್‌ಗೆ, ಹೆಚ್ಚಾಗಿ 2 ದಾರಿಗಳಿವೆ. ಇತ್ತೀಚಿನ ಸರ್ವರ್‌ಗಳಲ್ಲಿ 8 ಅಥವಾ 12 ದಾರಿಗಳಿವೆ. ಎಂಟು ದಾರಿಗಳಿರುವಲ್ಲಿ 64 ಜಿಬಿಯ ಒಂದೇ ರ‍್ಯಾಮ್ ಪಟ್ಟಿಯನ್ನು ಹಾಕಿದರೆ ಏಳು ದಾರಿಗಳು ಬರಿದೇ ಉಳಿಯುತ್ತವೆ. 8 ಜಿಬಿಯ ಎಂಟು ಪಟ್ಟಿಗಳನ್ನು ಹಾಕಿದರೆ ಎಂಟು ದಾರಿಗಳಲ್ಲಿಯೂ ಓಡಾಟ ನಡೆಯುತ್ತದೆ. ಅಳತೆ ಒಂದೇ, ಆದರೆ ವೇಗ ಬೇರೆ. ಕೊಳ್ಳುವವರು ಅಳತೆಯನ್ನು ಕೇಳುತ್ತಾರೆ, ಹಂಚಿಕೆಯನ್ನು ಕೇಳುವವರು ಕಡಿಮೆ.

ಎರಡನೆಯದಾಗಿ, ಲೆಕ್ಕವನ್ನು ಬರೆದಿಡುವ ಡಿಸ್ಕ್. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪೆನಿಯು 1956ರಲ್ಲಿ ಹೊರತಂದಿತು. 24 ಇಂಚು ಅಗಲದ 50 ತಟ್ಟೆಗಳಿದ್ದ ಆ ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕೇ ಅಷ್ಟು ಜಾಗ ಬೇಕು. ಈಗಿನ ಹಾರ್ಡ್ ಡಿಸ್ಕುಗಳಲ್ಲಿಯೂ ತಟ್ಟೆಗಳು ತಿರುಗುತ್ತವೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯು ಸೆಕೆಂಡಿಗೆ 120 ಸುತ್ತು ಬರುತ್ತದೆ. ಬೇಕಾದ ಅಕ್ಷರವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು. 15,000 ಸುತ್ತಿನ ತಟ್ಟೆಯಾದರೆ ಎರಡು ಪಾಲು. ಸ್ವಲ್ಪವೇ ಎನಿಸಬಹುದು, ಆದರೆ ನೂರು ಮಂದಿ ಒಮ್ಮೆಲೇ ಕೇಳಿದಾಗ ಅದು ಕಾಯುವಿಕೆಯಾಗಿ ಬೆಳೆಯುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಸಾವಿರದಲ್ಲಿ ಒಂದು ಪಾಲಿಗಿಂತಲೂ ಬಹಳ ಕಡಿಮೆ ಹೊತ್ತಿನಲ್ಲಿ ಅದು ಉತ್ತರ ಕೊಡುತ್ತದೆ. ಹಳೆಯ ಸರ್ವರ್ ನಿಧಾನವಾಯಿತೆಂದು ಹೊಸದನ್ನು ಕೊಳ್ಳಹೊರಟ ಎಷ್ಟೋ ಕಡೆಗಳಲ್ಲಿ ಡಿಸ್ಕನ್ನು ಮಾತ್ರ ಬದಲಾಯಿಸಿ ನಾವು ಹಣ ಉಳಿಸಿಕೊಟ್ಟಿದ್ದೇವೆ.

ವೇಗವೊಂದೇ ಸಾಲದು. ಬೇಗನೆ ತಪ್ಪು ಲೆಕ್ಕ ಹೇಳುವ ಗುಮಾಸ್ತನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಂಪ್ಯೂಟರಿನ ಸ್ಮರಣೆಯಲ್ಲಿ ಎಲ್ಲವೂ 0 ಮತ್ತು 1 ಎಂಬ ಎರಡೇ ಅಂಕೆಗಳಲ್ಲಿ ಇರುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ಕೆಲವೊಮ್ಮೆ, ತೀರ ಅಪರೂಪವಾಗಿ, ಯಾರೂ ಮುಟ್ಟದೆಯೇ ಒಂದು 0 ಹೋಗಿ 1 ಆಗಿಬಿಡುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳು ಇದಕ್ಕೆ ಒಂದು ಕಾರಣ. ಬೆಲ್ಜಿಯಂ ದೇಶದ ಸ್ಕಾರ್ಬೇಕ್ ಎಂಬಲ್ಲಿ 2003ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಯಂತ್ರವು 4,096 ಮತಗಳನ್ನು ಹೆಚ್ಚಾಗಿ ತೋರಿಸಿತು. 2ನ್ನು ಹನ್ನೆರಡು ಸಲ ಗುಣಿಸಿ ನೋಡಿರಿ, ಸರಿಯಾಗಿ 4,096 ಬರುತ್ತದೆ. ಒಂದೇ ಒಂದು ಅಂಕೆ ಮಗುಚಿದುದರ ಗುರುತು ಇದು. ಚುನಾವಣೆಯಾದುದರಿಂದ ಸಂಶಯ ಬಂದು ಪತ್ತೆಯಾಯಿತು. ಒಬ್ಬ ಬಡವನ ಠೇವಣಿಯಲ್ಲಿ ಹೀಗಾದರೆ ಪತ್ತೆ ಮಾಡುವವರು ಯಾರು?

ಇದಕ್ಕೆ ಮದ್ದು ಕಂಡುಹಿಡಿದವರು ಅಮೇರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು. ವಾರದ ಕೊನೆಗೆ ಯಾರೂ ಇಲ್ಲದ ಹೊತ್ತಿನಲ್ಲಿ ಅವರು ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ತಪ್ಪು ಕಂಡ ಕೂಡಲೇ ಯಂತ್ರವು ಆ ಲೆಕ್ಕವನ್ನು ಅರ್ಧಕ್ಕೆ ಬಿಟ್ಟುಬಿಡುತ್ತಿತ್ತು. ತಪ್ಪಾಗಿದೆಯೆಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಿದೆಯೆಂದು ತಿಳಿದು ತಿದ್ದಿಕೊಳ್ಳಲು ಏಕೆ ಆಗಬಾರದು ಎಂದು ಯೋಚಿಸಿ, 1950ರಲ್ಲಿ ಅವರು ಅದರ ವಿಧಾನವನ್ನು ಪ್ರಕಟಿಸಿದರು. ಸರ್ವರಿನ ರ‍್ಯಾಮ್ ಪಟ್ಟಿಯಲ್ಲಿ ಪ್ರತಿ 64 ಅಂಕೆಗಳಿಗೆ 8 ಕಾವಲು ಅಂಕೆಗಳನ್ನು ಸೇರಿಸಿ 72 ಮಾಡುವುದು ಬಹುಕಾಲದಿಂದ ನಡೆದುಬಂದ ಕ್ರಮ. ಒಂದು ಅಂಕೆ ತಪ್ಪಿದರೆ ಅದು ತಾನೇ ತಿದ್ದಿಕೊಳ್ಳುತ್ತದೆ. ಎರಡು ತಪ್ಪಿದರೆ ತಿದ್ದಲಾಗದು, ಆದರೆ ತಪ್ಪಾಗಿದೆ ಎಂದು ಕೂಗಿ ಹೇಳುತ್ತದೆ. ಯಾವ ಪಟ್ಟಿಯಲ್ಲಿ ತಪ್ಪುಗಳು ಹೆಚ್ಚುತ್ತಿವೆ ಎಂಬುದನ್ನೂ ಬರೆದಿಡುತ್ತದೆ. ಆದುದರಿಂದ ಅದು ಪೂರ್ತಿ ಕೆಡುವ ಮೊದಲೇ ಬದಲಾಯಿಸಲು ಸಾಧ್ಯ.

ಡಿಸ್ಕಿನ ವಿಷಯದಲ್ಲಿಯೂ ಇಂತಹುದೇ ಉಪಾಯವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಈ ವಿಧಾನದ ಹೆಸರು 'ರೈಡ್'. ಒಂದು ದುಬಾರಿ ಡಿಸ್ಕನ್ನು ನಂಬುವ ಬದಲು ಹಲವು ಸಾಮಾನ್ಯ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಹೋದರೂ ಉಳಿದವುಗಳಿಂದ ಅದನ್ನು ಮತ್ತೆ ಬರೆದುಕೊಳ್ಳುವುದು. ಸುಲಭದ ಲೆಕ್ಕದಲ್ಲಿ ಹೇಳುವುದಾದರೆ, ಮೊದಲ ಡಿಸ್ಕಿನಲ್ಲಿ 7, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಎಂದು ಬರೆದಿದೆ ಎನ್ನಿ. ಎರಡನೆಯದು ಕೆಟ್ಟುಹೋದರೆ 12ರಿಂದ 7ನ್ನು ಕಳೆದರಾಯಿತು, 5 ಸಿಕ್ಕಿತು. ನಿಜವಾದ ಯಂತ್ರವು ಮೊತ್ತದ ಬದಲು ಸಮ ಬೆಸ ಸಂಖ್ಯೆಗಳ ಲೆಕ್ಕ ಇಡುತ್ತದೆ. ತತ್ತ್ವ ಮಾತ್ರ ಇದೇ.

ಇಲ್ಲಿಯೇ ದುರಸ್ತಿಯ ಸುಲಭತೆ ಕಾಣುವುದು. ಸರ್ವರಿನ ಡಿಸ್ಕುಗಳು ಯಂತ್ರದ ಮುಖದಲ್ಲಿಯೇ ಸಣ್ಣ ಸಣ್ಣ ಗೂಡುಗಳಲ್ಲಿ ಕುಳಿತಿರುತ್ತವೆ. ಗುಂಡಿ ಒತ್ತಿ, ಹಿಡಿ ಎಳೆದರೆ ಕೆಟ್ಟದ್ದು ಹೊರಗೆ ಬರುತ್ತದೆ, ಹೊಸದನ್ನು ತಳ್ಳಿದರೆ ಒಳಗೆ ಕೂರುತ್ತದೆ. ಯಂತ್ರವನ್ನು ನಿಲ್ಲಿಸಬೇಕಾಗಿಲ್ಲ. ಹೊರಗೆ ಕೌಂಟರಿನಲ್ಲಿ ಹಣ ಎಣಿಸುವವರಿಗೆ ಸುದ್ದಿಯೂ ತಿಳಿಯದು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಯಕ್ಷಗಾನದಲ್ಲಿ ನಡುರಾತ್ರಿ ಒಬ್ಬ ಭಾಗವತರು ಎದ್ದು ಜಾಗಟೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಚೆಂಡೆಯವರೂ ಬದಲಾಗುತ್ತಾರೆ. ಆದರೆ ಆಟ ನಿಲ್ಲುವುದಿಲ್ಲ, ನಿದ್ದೆಗಣ್ಣಿನ ಪ್ರೇಕ್ಷಕರಿಗೆ ಗೊತ್ತೂ ಆಗುವುದಿಲ್ಲ.

ಆದರೆ ಯಂತ್ರವು ಎಷ್ಟೇ ಜಾಣವಾಗಿದ್ದರೂ ಅದು ಹೇಳಿದುದನ್ನು ಕೇಳಿಸಿಕೊಳ್ಳುವ ಮನುಷ್ಯರು ಬೇಕು. ಇದನ್ನು ನಾವು ಒಂದು ಸಂಘದಲ್ಲಿ ಕಣ್ಣಾರೆ ಕಂಡೆವು. ಅಲ್ಲಿ ಅದುವರೆಗೆ ಯಂತ್ರವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಎಲ್ಲವೂ ನಿಂತ ಮೇಲೆ ನಮ್ಮನ್ನು ಕರೆಸಿದರು. ಹೋಗಿ ನೋಡಿದರೆ, ಡಿಸ್ಕುಗಳ ಎದುರಿಗೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. "ಹಳದಿ ದೀಪವೊಂದು ಸದಾ ಮಿಣುಕುತ್ತಿತ್ತು, ಕಣ್ಣಿಗೆ ಕಿರಿಕಿರಿ ಅಂತ ಯಾರೋ ಮುಚ್ಚಿದ್ದು," ಎಂದರು ಅಲ್ಲಿಯ ಸಿಬ್ಬಂದಿಯೊಬ್ಬರು. ಯಂತ್ರವು ಬರೆದಿಟ್ಟ ದಿನಚರಿಯನ್ನು ತೆಗೆದು ಓದಿದೆವು. ಮೊದಲ ಡಿಸ್ಕು ಕೆಟ್ಟುದು ಏಳು ತಿಂಗಳ ಹಿಂದೆ. ಅಂದಿನಿಂದ ಅದು ದೀಪ ಮಿಣುಕಿಸಿ ಕರೆಯುತ್ತಲೇ ಇತ್ತು. ಒಂದು ಕೆಟ್ಟರೆ ತಾಳಿಕೊಳ್ಳುವ ಶಕ್ತಿ ಅದಕ್ಕಿತ್ತು, ತಾಳಿಕೊಂಡಿತು. ಎರಡನೆಯದೂ ಕೆಟ್ಟ ದಿನ ಕೈಚೆಲ್ಲಿತು.

ಪುಣ್ಯಕ್ಕೆ ಬೇರೊಂದು ಡಿಸ್ಕಿನಲ್ಲಿ ಹನ್ನೊಂದು ದಿನ ಹಳೆಯ ಪ್ರತಿಯೊಂದು ಇತ್ತು. ಆ ಹನ್ನೊಂದು ದಿನಗಳ ವ್ಯವಹಾರವನ್ನು ಮಾತ್ರ ವೋಚರುಗಳಿಂದ, ಸದಸ್ಯರ ಪಾಸ್ ಪುಸ್ತಕಗಳಿಂದ ಮತ್ತೆ ಬರೆಯಬೇಕಾಯಿತು. ಪುಸ್ತಕ ತನ್ನಿ ಎಂದು ಹೇಳಿ ಕಳುಹಿಸಿದರು. ಜನ ಸಾಲುಗಟ್ಟಿ ಬಂದರು. ಬೀಡಿ ಕಟ್ಟುವ ಒಬ್ಬ ಮುದುಕಿ ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ಬಿಡಿಸಿ ನಮ್ಮ ಮುಂದಿಟ್ಟು, "ನನ್ನ ದುಡ್ಡು ಉಂಟಲ್ಲ ಮಕ್ಕಳೇ?" ಎಂದು ಕೇಳಿದರು.

"ಉಂಟು ಅಜ್ಜಿ. ನಿಮ್ಮ ಪುಸ್ತಕದಲ್ಲಿ ಬರೆದು ಉಂಟು. ಅದನ್ನು ನೋಡಿಯೇ ಇವರು ಯಂತ್ರಕ್ಕೂ ಬರೆಯುತ್ತಾರೆ," ಎಂದೆವು.

"ಹಾಗಾದರೆ ಯಂತ್ರಕ್ಕೆ ನಾನೇ ಸಾಕ್ಷಿ ಹೇಳಿದ ಹಾಗಾಯಿತು," ಎಂದು ಆಕೆ ನಕ್ಕರು. ಲೆಕ್ಕ ಪೈಸೆಗೆ ಪೈಸೆ ತಾಳೆಯಾದುದು ಐದನೆಯ ದಿನ ಸಂಜೆ. ಆ ತನಕ ಕಾರ್ಯದರ್ಶಿಗಳು ಮನೆಗೆ ಸರಿಯಾಗಿ ಊಟಕ್ಕೂ ಹೋಗಿರಲಿಲ್ಲ.

ಇದರಿಂದ ಎರಡು ಪಾಠಗಳು. ಒಂದು, ಮಿಣುಕುವ ದೀಪವನ್ನು ಮುಚ್ಚಬಾರದು. ಇನ್ನೊಂದು, ಹಲವು ಡಿಸ್ಕುಗಳಿದ್ದ ಮಾತ್ರಕ್ಕೆ ಬೇರೆ ಪ್ರತಿ ಬೇಡವೆಂದು ತಿಳಿಯಬಾರದು. ಯಾರಾದರೂ ತಪ್ಪಿ ಒಂದು ಖಾತೆಯನ್ನು ಅಳಿಸಿದರೆ ರೈಡ್ ವಿಧಾನವು ಅದನ್ನು ಎಲ್ಲ ಡಿಸ್ಕುಗಳಿಂದಲೂ ವಿಧೇಯತೆಯಿಂದ ಅಳಿಸುತ್ತದೆ. ಆದುದರಿಂದ ದಿನದಿನದ ಪ್ರತಿಯೊಂದು ಬೇರೆ ಯಂತ್ರದಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ, ಇರಲೇಬೇಕು.

ಇನ್ನು ವಿದ್ಯುತ್ತಿನ ಮಾತು. ತುಲಾ ಮಾಸದ ಗುಡುಗು ಮಿಂಚು ಎಂದರೆ ಏನೆಂದು ಕಾಸರಗೋಡಿನವರಿಗೆ ಹೇಳಬೇಕೇ? ಸಂಜೆಯಾದರೆ ಸಾಕು, ಪೂರ್ವದ ಗುಡ್ಡಗಳ ಮೇಲೆ ಮೋಡ ಕವಿಯುತ್ತದೆ, ಮನೆಮನೆಗಳಲ್ಲಿ ಪ್ಲಗ್ಗು ಕೀಳುತ್ತಾರೆ. ಸರ್ವರಿನ ಪ್ಲಗ್ಗು ಕೀಳುವಂತಿಲ್ಲ. ಆದುದರಿಂದ ಅದಕ್ಕೆ ಎರಡು ಪವರ್ ಸಪ್ಲೈಗಳಿರುತ್ತವೆ. ಒಂದು ಸುಟ್ಟುಹೋದರೂ ಇನ್ನೊಂದೇ ಇಡೀ ಭಾರವನ್ನು ಹೊರುತ್ತದೆ. ಸುಟ್ಟದ್ದನ್ನು ಹಿಂಬದಿಯಿಂದ ಎಳೆದು ತೆಗೆದು ಹೊಸದನ್ನು ತಳ್ಳಿದರಾಯಿತು. ಆದರೆ ಎರಡರ ವಯರನ್ನೂ ಒಂದೇ ಯುಪಿಎಸ್‌ಗೆ ಚುಚ್ಚಿಟ್ಟರೆ ಏನು ಫಲ? ಆ ಯುಪಿಎಸ್ ಕೈಕೊಟ್ಟರೆ ಎರಡೂ ಒಟ್ಟಿಗೆ ಆರುತ್ತವೆ. ನಮ್ಮ ಹಿರಿಯರು ಬಾವಿಯೊಂದನ್ನೇ ನಂಬದೆ, ಗುಡ್ಡ ಕೊರೆದು ಸುರಂಗದ ನೀರನ್ನೂ ತಂದರು. ಎರಡು ಮೂಲಗಳೆಂದರೆ ಹಾಗೆ ನಿಜವಾಗಿಯೂ ಬೇರೆ ಬೇರೆಯಾಗಿರಬೇಕು.

ಮಿಂಚಿನ ಪೆಟ್ಟು ನೆಲಕ್ಕೆ ಇಳಿಯಲು ಒಳ್ಳೆಯ ಅರ್ತಿಂಗ್ ಬೇಕು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಸ್ವೀಕರಿಸುವುದಿಲ್ಲ. ಅದಕ್ಕಾಗಿಯೇ ಅರ್ತಿಂಗ್ ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬಿ, ಆಗಾಗ ನೀರು ಹೊಯ್ಯುವ ಪದ್ಧತಿ ಬಂದುದು. ಲಕ್ಷಗಟ್ಟಲೆ ಬೆಲೆಯ ಯಂತ್ರ ತಂದವರು ಎರಡು ಕೊಡ ನೀರು ಹೊಯ್ಯಲು ಮರೆಯಬಾರದು.

ಕರೆಂಟು ಹೋದ ಕ್ಷಣದ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ. ವೇಗಕ್ಕಾಗಿ ಡಿಸ್ಕುಗಳ ಮೇಲ್ವಿಚಾರಣೆಯ ಕಾರ್ಡು, ಬಂದ ಲೆಕ್ಕವನ್ನು ಮೊದಲು ತನ್ನ ಸ್ಮರಣೆಯಲ್ಲಿ ಹಿಡಿದುಕೊಂಡು "ಬರೆದಾಯಿತು" ಎಂದು ಹೇಳಿಬಿಡುತ್ತದೆ. ಡಿಸ್ಕಿಗೆ ಇಳಿಸುವುದು ಆಮೇಲೆ. ಆ ನಡುವೆ ಕರೆಂಟು ಹೋದರೆ ಕೊಟ್ಟ ಮಾತು ಸುಳ್ಳಾಗುತ್ತದೆ. ಆದುದರಿಂದ ಒಳ್ಳೆಯ ಕಾರ್ಡಿನಲ್ಲಿ ಅದಕ್ಕೇ ಪ್ರತ್ಯೇಕವಾದ ಒಂದು ಸಣ್ಣ ಬ್ಯಾಟರಿಯಾಗಲಿ ಕೆಪಾಸಿಟರಾಗಲಿ ಇರುತ್ತದೆ. ಕರೆಂಟು ಹೋದರೂ ಅದು ಲೆಕ್ಕವನ್ನು ಕಳೆದುಹೋಗದಂತೆ ಕಾಪಾಡಿಕೊಳ್ಳುತ್ತದೆ. ಈ ಬ್ಯಾಟರಿಗೂ ಆಯುಷ್ಯ ಉಂಟು. ಅದು ಮುಗಿದಾಗ ಕಾರ್ಡು ಜಾಗ್ರತೆಯಿಂದ ನೇರವಾಗಿ ಡಿಸ್ಕಿಗೇ ಬರೆಯತೊಡಗುತ್ತದೆ, ಸಂಘದವರು "ಸರ್ವರ್ ಯಾಕೋ ನಿಧಾನ" ಎಂದು ಫೋನು ಮಾಡುತ್ತಾರೆ. ಹಲವು ಸಲ ರೋಗ ಇಷ್ಟೇ ಆಗಿರುತ್ತದೆ.

ಸೆಕೆಯೂ ಯಂತ್ರಕ್ಕೆ ಶತ್ರು. ಸರ್ವರಿನಲ್ಲಿ ಫ್ಯಾನುಗಳು ಮುಂಬದಿಯಿಂದ ತಂಪು ಗಾಳಿಯನ್ನು ಎಳೆದು, ಪ್ರೊಸೆಸರಿನ ಮೇಲಿನಿಂದ ಹಾಯಿಸಿ, ಹಿಂಬದಿಗೆ ಬಿಸಿ ಗಾಳಿಯನ್ನು ನೂಕುತ್ತವೆ. ಗಾಳಿ ದಾರಿ ತಪ್ಪದಂತೆ ಒಳಗೆ ಪ್ಲಾಸ್ಟಿಕ್ಕಿನ ತೂಬುಗಳಿವೆ. ಸೆಕೆಯೆಂದು ಮುಚ್ಚಳ ತೆಗೆದಿಟ್ಟರೆ ತಂಪಾಗುತ್ತದೆಂದು ಹಲವರ ಎಣಿಕೆ. ವಾಸ್ತವದಲ್ಲಿ ಗಾಳಿ ಬೇಕಾದಲ್ಲಿಗೆ ಹೋಗದೆ ಚೆಲ್ಲಿಹೋಗಿ ಪ್ರೊಸೆಸರು ಇನ್ನಷ್ಟು ಕಾಯುತ್ತದೆ. ಡಿಸ್ಕಿಲ್ಲದ ಖಾಲಿ ಗೂಡಿಗೂ ಒಂದು ಮುಚ್ಚಳವನ್ನು ಕೊಟ್ಟಿರುವುದು ಇದೇ ಕಾರಣಕ್ಕೆ. ಅದನ್ನು ಕಳೆದುಹಾಕಬಾರದು. ಫ್ಯಾನುಗಳೂ ಒಂದೆರಡು ಹೆಚ್ಚಾಗಿಯೇ ಇರುತ್ತವೆ. ಒಂದು ನಿಂತರೆ ಉಳಿದವು ಜೋರಾಗಿ ತಿರುಗಿ ಸುಧಾರಿಸುತ್ತವೆ.

ಕೈ ಹಾಕುವವರಿಗೆ ಅನುಕೂಲವಾಗಲೆಂದು ಮಾಡಿದ ಸಣ್ಣ ಸಣ್ಣ ಏರ್ಪಾಡುಗಳನ್ನು ಕಂಡರೆ, ಇದನ್ನು ಕಟ್ಟಿದವರು ದುರಸ್ತಿ ಮಾಡುವವನ ಕಷ್ಟವನ್ನು ಬಲ್ಲವರು ಎಂದು ನಮಗೆ ಅನಿಸುತ್ತದೆ. ರ‍್ಯಾಕ್ ಎಂಬ ಕಪಾಟಿನ ಅಗಲ ಎಲ್ಲೆಡೆಯೂ 19 ಇಂಚು, ಒಂದು ಅಂತಸ್ತಿನ ಎತ್ತರ ಒಂದೂಮುಕ್ಕಾಲು ಇಂಚು. ಯಾವ ಕಂಪೆನಿಯ ಯಂತ್ರವಾದರೂ ಅದರಲ್ಲಿ ಕೂರುತ್ತದೆ. ಮೇಜಿನ ಡ್ರಾಯರಿನಂತೆ ಹಳಿಯ ಮೇಲೆ ಎಳೆದು ತೆರೆಯಬಹುದು. ಹೆಚ್ಚಿನ ಭಾಗಗಳಿಗೆ ಸ್ಕ್ರೂ ಇಲ್ಲ, ಬೆರಳಿನಿಂದಲೇ ಬಿಡಿಸಬಹುದು. ಹಲವು ಕಂಪೆನಿಗಳ ಯಂತ್ರಗಳಲ್ಲಿ ಬಣ್ಣವೇ ಮಾತಾಡುತ್ತದೆ. ಹೆಂಚಿನ ಬಣ್ಣ ಅಥವಾ ಕಿತ್ತಳೆ ಬಣ್ಣದ ಹಿಡಿಯಿದ್ದರೆ ಯಂತ್ರ ಓಡುತ್ತಿರುವಾಗಲೇ ತೆಗೆಯಬಹುದು. ನೀಲಿ ಬಣ್ಣದ ಹಿಡಿಯಿದ್ದರೆ ನಿಲ್ಲಿಸಿಯೇ ತೆಗೆಯಬೇಕು. ಇಂಗ್ಲಿಷ್ ಕೈಪಿಡಿ ಓದಲು ತಡವರಿಸುವವನಿಗೂ ಇದು ಅರ್ಥವಾಗುತ್ತದೆ.

ಕೊನೆಯದಾಗಿ ಹೇಳಬೇಕಾದ ಏರ್ಪಾಡು ಇನ್ನೂ ಸ್ವಾರಸ್ಯವಾದುದು. ಸರ್ವರಿನೊಳಗೆ, ಮುಖ್ಯ ಯಂತ್ರಕ್ಕೆ ಸಂಬಂಧವಿಲ್ಲದಂತೆ, ಇನ್ನೊಂದು ಪುಟ್ಟ ಕಂಪ್ಯೂಟರು ಎಚ್ಚರವಾಗಿರುತ್ತದೆ. ಮುಖ್ಯ ಯಂತ್ರ ಆರಿದ್ದರೂ, ಪ್ಲಗ್ಗಿನಲ್ಲಿ ಕರೆಂಟು ಇರುವ ತನಕ ಇದಕ್ಕೆ ನಿದ್ದೆಯಿಲ್ಲ. ಸೆಕೆ ಎಷ್ಟಿದೆ, ಯಾವ ಫ್ಯಾನು ನಿಂತಿದೆ, ಯಾವ ಡಿಸ್ಕು ಬಳಲಿದೆ ಎಂಬುದನ್ನೆಲ್ಲ ದೂರದಲ್ಲಿರುವವರಿಗೂ ತಿಳಿಸುತ್ತದೆ. ಮುಖ್ಯ ಯಂತ್ರವನ್ನು ದೂರದಿಂದಲೇ ಆರಿಸಿ ಹೊತ್ತಿಸಲೂ ಬಿಡುತ್ತದೆ. ಬೇರೆ ಬೇರೆ ಕಂಪೆನಿಗಳ ಯಂತ್ರಗಳು ಒಂದೇ ರೀತಿಯಲ್ಲಿ ಹೀಗೆ ವರದಿ ಕೊಡಬೇಕೆಂದು ನಾಲ್ಕು ದೊಡ್ಡ ಕಂಪೆನಿಗಳು ಸೇರಿ 1998ರಲ್ಲಿ ನಿಯಮ ಮಾಡಿಕೊಂಡವು. ಈ ಪುಟ್ಟ ಕಂಪ್ಯೂಟರಿಗೆ ಗಟ್ಟಿಯಾದ ಗುಪ್ತಪದವನ್ನು ಇಡಬೇಕು. ಇಲ್ಲವಾದರೆ ಕಳ್ಳನಿಗೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಇದರ ಬೆಲೆ ನಮಗೆ ತಿಳಿದುದು 2020ರ ಮಾರ್ಚಿನಲ್ಲಿ. ಕೊರೋನಾ ರೋಗದ ಭಯದಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಲ್ಲಿ ತಡೆ ಬಿತ್ತು, ಒಳರಸ್ತೆಗಳಲ್ಲಿ ಮಣ್ಣಿನ ರಾಶಿ ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ನಾವು ಇಲ್ಲಿ ಬರೆಯಲಾರೆವು. ಅದು ನ್ಯಾಯಾಲಯದ ಮೆಟ್ಟಲನ್ನೂ ಏರಿತು. ಆ ದುಃಖದ ಮುಂದೆ ಯಂತ್ರದ ಕಷ್ಟ ಏನೂ ಅಲ್ಲ. ಆದರೂ ಆ ದಿನಗಳಲ್ಲಿಯೇ ಸಹಕಾರಿ ಸಂಘಗಳ ಮೂಲಕ ಮುದುಕರಿಗೆ, ವಿಧವೆಯರಿಗೆ ಮನೆಬಾಗಿಲಿಗೆ ಪಿಂಚಣಿ ತಲುಪಬೇಕಾಗಿತ್ತು. ನಮ್ಮ ಬಿಡಿಭಾಗಗಳು ಬರುತ್ತಿದ್ದುದು ಮಂಗಳೂರಿನಿಂದ. ಐವತ್ತು ಕಿಲೋಮೀಟರು ದೂರದ ಮಂಗಳೂರು ಆಗ ನಮಗೆ ಪರದೇಶವಾಯಿತು.

ಆಗ ಕೈಹಿಡಿದವು ಎರಡು. ಒಂದು, ಈ ಪುಟ್ಟ ಕಂಪ್ಯೂಟರು. ಮನೆಯಲ್ಲಿ ಕುಳಿತೇ ಹತ್ತಾರು ಕಡೆಯ ಸರ್ವರ್‌ಗಳ ನಾಡಿ ನೋಡಿದೆವು. ಇನ್ನೊಂದು, ಕೆಲವು ಕಡೆಗಳಲ್ಲಿ ಮೊದಲೇ ಒಳಗೆ ಕೂರಿಸಿದ್ದ ಒಂದು ಹೆಚ್ಚುವರಿ ಡಿಸ್ಕು. ಯಾವುದಾದರೂ ಡಿಸ್ಕು ಕೆಟ್ಟ ಕೂಡಲೇ, ಯಾರ ಅಪ್ಪಣೆಗೂ ಕಾಯದೆ, ಅದು ಕೆಟ್ಟುದರ ಜಾಗವನ್ನು ವಹಿಸಿಕೊಳ್ಳುತ್ತದೆ. ಪೂರ್ವದ ಒಂದು ಊರಿನಲ್ಲಿ ಹೀಗೆಯೇ ಆಯಿತು. ರಾತ್ರಿ ಡಿಸ್ಕು ಕೆಟ್ಟಿತು, ಬೆಳಗಾಗುವಾಗ ಹೆಚ್ಚುವರಿ ಡಿಸ್ಕು ಲೆಕ್ಕವನ್ನೆಲ್ಲ ಬರೆದುಕೊಂಡು ಮುಗಿಸಿತ್ತು. ಅಂದು ಪಿಂಚಣಿ ಹಂಚಲು ಹೊರಟವರಿಗೆ ನಾವು ಫೋನು ಮಾಡಿ ಹೇಳಿದ ಮೇಲೆಯೇ ವಿಷಯ ತಿಳಿದುದು. ಆ ಹೆಚ್ಚುವರಿ ಡಿಸ್ಕಿನ ಹಣವು ದಂಡವೆಂದು ಕೊಳ್ಳುವಾಗ ಆಡಳಿತ ಮಂಡಳಿಯಲ್ಲಿ ಚರ್ಚೆಯಾಗಿತ್ತಂತೆ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಿದರೆ ಆದೀತೇ?

ವಿದ್ಯಾರ್ಥಿ ಮಿತ್ರರೇ, ಇಷ್ಟನ್ನು ಬರೆದುದು ನೀವೆಲ್ಲರೂ ಸರ್ವರ್ ದುರಸ್ತಿಗೆ ಬರಬೇಕೆಂದಲ್ಲ. ಹೆತ್ತವರಲ್ಲಿ ಹಲವರು ನಮ್ಮನ್ನು ಕಂಡಾಗ ತಗ್ಗಿದ ದನಿಯಲ್ಲಿ ಕೇಳುವುದುಂಟು: "ಕನ್ನಡ ಮಾಧ್ಯಮದಲ್ಲಿ ಕಲಿತರೆ ಮಕ್ಕಳಿಗೆ ಮುಂದೆ ಕಷ್ಟ ಆಗದೋ?" ಈ ಲೇಖನವನ್ನೇ ಇನ್ನೊಮ್ಮೆ ನೋಡಿರಿ. ಇದರಲ್ಲಿ ಬಂದುದು ಶೇಕಡಾ ಲೆಕ್ಕ, ಸಮ ಬೆಸ ಸಂಖ್ಯೆಗಳು, 2ರ ಘಾತಗಳು, ಗಾಳಿಯ ಚಲನೆ, ವಿದ್ಯುತ್ತು ನೆಲಕ್ಕೆ ಇಳಿಯುವ ಬಗೆ. ಇವೆಲ್ಲವನ್ನೂ ನಾವು ಈ ಶಾಲೆಯ ಬೆಂಚುಗಳಲ್ಲಿ ಕನ್ನಡದಲ್ಲಿಯೇ ಕಲಿತೆವು. ಭಾಗಗಳ ಇಂಗ್ಲಿಷ್ ಹೆಸರುಗಳನ್ನು ಕಲಿಯಲು ಆರು ತಿಂಗಳು ಸಾಕಾಯಿತು. ತತ್ತ್ವವನ್ನು ಅರಿಯದೆ ಹೆಸರು ಮಾತ್ರ ಬಾಯಿಪಾಠ ಮಾಡಿದವರು ಕೆಟ್ಟ ಯಂತ್ರದ ಮುಂದೆ ಕೈಕಟ್ಟಿ ನಿಲ್ಲುವುದನ್ನೂ ನಾವು ಕಂಡಿದ್ದೇವೆ. 2018ರಲ್ಲಿ ಕೇರಳದ ಶಾಲೆಗಳಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕೂಟದ ಮಕ್ಕಳು ನಮಗಿಂತ ಎಷ್ಟೋ ಮುಂದೆ ಹೋಗಬಲ್ಲರು. ನಮ್ಮ ಕಾಲಕ್ಕೆ ಅದಿರಲಿಲ್ಲ.

ಮನೆಗಾಗಲಿ ಸಂಘಕ್ಕಾಗಲಿ ಯಾವುದೇ ಯಂತ್ರವನ್ನು ತರುವಾಗ, ಅದು ಎಷ್ಟು ವೇಗವೆಂದು ಕೇಳಿದ ಮೇಲೆ, ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿರಿ. ಇದರಲ್ಲಿ ಮೊದಲು ಕೆಡುವ ಭಾಗ ಯಾವುದು? ಅದನ್ನು ಕೆಲಸ ನಿಲ್ಲಿಸದೆ ಬದಲಾಯಿಸಬಹುದೇ? ಕೆಟ್ಟಿತೆಂದು ಅದು ಹೇಳುವಾಗ ನೋಡುವವರು ಯಾರಿದ್ದಾರೆ? ಮೊದಲಿನ ಎರಡಕ್ಕೆ ಮಾರುವವರು ಉತ್ತರ ಹೇಳಬೇಕು. ಮೂರನೆಯದಕ್ಕೆ ಉತ್ತರ ನಮ್ಮಲ್ಲಿಯೇ ಇದೆ. ಹಳದಿ ದೀಪ ಮಿಣುಕುವುದನ್ನು ಕಂಡ ದಿನವೇ ತಿಳಿಸಬೇಕಾದವರಿಗೆ ತಿಳಿಸಿರಿ. ಮಿಕ್ಕ ಕೆಲಸವನ್ನು ಆ ಯಂತ್ರವನ್ನು ಕಟ್ಟಿದವರು ಬಹಳ ಮಟ್ಟಿಗೆ ಸುಲಭ ಮಾಡಿಯೇ ಇಟ್ಟಿದ್ದಾರೆ.